ಹಿಂದೆ ದೋಣಿ, ಮುಂದೆ ಹೆಂಡತಿ

ಸಂಕಟದಲ್ಲಿ ಸ್ಥಿರಚಿತ್ತೆ, ಇಕ್ಕಟ್ಟಿನ ಓಣಿಯಲ್ಲೂ ವಾಹನವನ್ನು ಹಿಮ್ಮುಖವಾಗಿ ನಡೆಸಬಲ್ಲ ಚತುರೆ, ಲಾರಿಗಳ ಹಾರನ್ನಿಗೆ ಜಗ್ಗದ ಧೀರೆ, ತವರಿನವರ ಪಾಲಿಗೆ ಕಲ್ಪವೃಕ್ಷ, ಗಂಡನ ಸಲಹೆಗಳ ಪಾಲಿಗೆ ಕರಿಬಂಡೆ: ಇಂತಪ್ಪ ಗುಣಗಣಗಳಿಂದ ಶೋಭಿಸುವವಳು ನನ್ನ ಧರ್ಮಪತ್ನಿ. ಇವುಗಳಲ್ಲಿ ಒಂದಾದರೂ ಗುಣ ನನ್ನಲ್ಲಿ ಉಂಟೇ ಎಂದು ಕೇಳುವವರಿಗೆ ಹೇಳುತ್ತೇನೆ, ನಾನು ಮುನ್ನೆಚ್ಚರಿಕೆಯ ಮನುಷ್ಯ. (ಮನೆಯಲ್ಲಿ ಇದಕ್ಕೆ ಪುಕ್ಕಲುತನವೆಂಬ ಪರ್ಯಾಯಪದ ಬಳಕೆಯಲ್ಲಿದೆ.)

ಮಾವನವರ ಮಂಡಿಗೆ ಶಸ್ತ್ರಚಿಕಿತ್ಸೆಯಾದಂದಿನಿಂದ ಅವರ ದೋಣಿ ನಮ್ಮ ಅಂಗಳದಲ್ಲಿ ಟ್ರೇಲರಿನ ಮೇಲೆ ಮಲಗಿತ್ತು. ಅವರೇ ಕೈಯಾರೆ ಹಲಗೆ ಜೋಡಿಸಿ ಕಟ್ಟಿದ ದೋಣಿ. ಅವರಿಗದು ಮಗಳಷ್ಟೇ ಪ್ರಿಯ, ಅಳಿಯನಿಗಿಂತ ನಿಸ್ಸಂದೇಹವಾಗಿ ಹೆಚ್ಚು. ಇನ್ನು ನೀರಿಗಿಳಿಯಬಹುದೆಂದು ವೈದ್ಯರು ಅಪ್ಪಣೆ ಕೊಟ್ಟದ್ದೇ ತಡ, ದೋಣಿಯನ್ನು ನಮ್ಮ ಮಧ್ಯಮ ಗಾತ್ರದ ಎಸ್‌ಯುವಿಗೆ ಕಟ್ಟಿ ಕೆರೆಗೆ ಮುಟ್ಟಿಸುವುದೆಂದು ಅಪ್ಪ ಮಗಳು ನಿಶ್ಚಯಿಸಿದರು. ಅಷ್ಟು ತೂಕವನ್ನು ನಮ್ಮ ಕಾರು ಎಳೆಯಬಲ್ಲುದೆಂದು ಕೈಪಿಡಿಯೇನೋ ಹೇಳಿತ್ತು. ಆದರೆ ಎಳೆಯಬಲ್ಲುದು ಎಂಬುದಕ್ಕೂ ನಿಲ್ಲಿಸಬಲ್ಲುದು ಎಂಬುದಕ್ಕೂ ನಡುವಿರುವ ಪ್ರಪಾತದಲ್ಲಿ ನನ್ನ ಪ್ರಾಣವು ಆಗಲೇ ಉರುಳಾಡತೊಡಗಿತ್ತು.

ಅವಳು ಕಾರಿಗೂ ಟ್ರೇಲರಿಗೂ ಕೊಂಡಿ ಕೂಡಿಸಿದಳು, ಕೊಂಡಿ ಕಳಚಿದರೂ ಟ್ರೇಲರು ಬಿಟ್ಟುಹೋಗದಂತೆ ಸರಪಳಿಗಳನ್ನು ಅದರಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಹಾಯಿಸಿ ಸಿಕ್ಕಿಸಿದಳು, ಹಿಂದಿನ ದೀಪಗಳನ್ನು ಉರಿಸಿ ನೋಡಿದಳು. ಆ ವೇಳೆಯಲ್ಲಿ ನಾನು ಸದ್ದಿಲ್ಲದೆ ನನ್ನ ಪಾಲಿನ ಕರ್ತವ್ಯವನ್ನು ಮುಗಿಸಿ, ತೇಲುವ ಜಾಕೀಟನ್ನು ತೊಟ್ಟು ಅವಳ ಪಕ್ಕದಲ್ಲಿ ಆಸೀನನಾದೆ.

"ಇದೇನ್ರೀ ಅವತಾರ? ಟಾರು ರಸ್ತೇಲಿ ಮುಳುಗ್ತೀರಾ?"

"ಮುಂದೆ ಕೆರೆ ಬರುತ್ತಲ್ಲ ಕಣೇ."

"ಇನ್ನೂ ನಮ್ಮ ಗೇಟೇ ದಾಟಿಲ್ಲ!"

ಸಮತಟ್ಟಿನ ದಾರಿಯಲ್ಲಿ ದೋಣಿ ಸಾಧುಪ್ರಾಣಿಯಂತೆ ಹಿಂಬಾಲಿಸಿತು. ಇಳಿಜಾರು ಮೊದಲಾದೊಡನೆ ಮಾತ್ರ, ಯಾರೋ ಹಿಂದಿನಿಂದ ನಮ್ಮ ಸೊಂಟವನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗಿದಂತಾಯಿತು. ಕನ್ನಡಿಯಲ್ಲಿ ನೋಡುತ್ತೇನೆ: ದೋಣಿಯ ಬಾಲ ಒಂದು ಸಲ ಚರಂಡಿಯ ಕಡೆಗೆ, ಒಂದು ಸಲ ಎದುರು ಬರುವ ವಾಹನಗಳ ಕಡೆಗೆ ತೂಗಾಡುತ್ತಿದೆ, ಅದರ ಬೆನ್ನಿಗೆ ಒಂದು ಲಾರಿ. ಕುಲದೇವರ ನಾಮವನ್ನು ಅರ್ಧ ಉಚ್ಚರಿಸಿದ್ದೆ, ಉಳಿದರ್ಧದ ಜಾಗದಲ್ಲಿ ಕೂಗು ಹೊರಟಿತು.

"ಬ್ರೇಕ್! ಬ್ರೇಕ್ ಹಾಕೇ! ಆ ಕಡೆ ತಿರುಗ್ಸು! ಅಲ್ಲ, ಈ ಕಡೆ!"

"ಬಾಯ್ ಮುಚ್ಕೊಂಡು ಕೂತ್ಕೊಳ್ರೀ!"

ಅವಳು ಎತ್ತಲೂ ತಿರುಗಿಸಲಿಲ್ಲ, ಬ್ರೇಕನ್ನೂ ತುಳಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಬಿಗಿಹಿಡಿದು ಕುಳಿತಳು. ವೇಗ ಇಳಿದಂತೆ ತೂಗಾಟವೂ ಇಳಿಯಿತು. ಇಳಿಜಾರು ಮುಗಿದಲ್ಲಿ ಕಾರನ್ನು ಬದಿಗೆ ನಿಲ್ಲಿಸಿದಾಗ ಅವಳು ಸ್ಟೀರಿಂಗ್ ಬಿಡದೆ ಕನ್ನಡಿಯಲ್ಲಿ ದೋಣಿಯನ್ನೇ ನೋಡುತ್ತಿದ್ದುದನ್ನು ಕಂಡೆ. ಅದನ್ನು ಕಂಡ ಮೇಲೆ ನನ್ನ ಭಯ ಇಮ್ಮಡಿಯಾಯಿತು.

"ಅಪ್ಪ ಕೆರೆ ಹತ್ರ ಕಾಯ್ತಿದಾರೆ. ಮುಂದೆ ಇನ್ನೂ ದೊಡ್ಡ ಇಳಿಜಾರಿದೆ. ಇದು ಯಾಕ್ ಹಿಂಗಾಡ್ತು?" ಎಂದಳು, ಮೊದಲ ಬಾರಿಗೆ ಮೆಲ್ಲನೆ.

ಗಂಡನಾದವನು ಬೆಳಗಬೇಕಾದ ಮುಹೂರ್ತವಿದು. "ಬಾಲದಲ್ಲಿ ಭಾರ ಸಾಲ್ದೇ ಇರೋದಕ್ಕೇ ಅಲ್ಲಾಡ್ತಿದೆ. ನೀನು ಕೂತಿರು" ಎಂದು ಕೆಳಗಿಳಿದು, ರಸ್ತೆಬದಿಯ ಒಂದು ಭಾರಿ ಕಲ್ಲನ್ನು ಶಿಶುವಿನಂತೆ ಎದೆಗವಚಿಕೊಂಡು ದೋಣಿಯ ಹಿಂಬದಿಗೆ ಹತ್ತಿದೆ.

"ರೀ! ಏನ್ ಮಾಡ್ತಿದೀರಿ ಅಲ್ಲಿ?"

"ಏನೂ ಇಲ್ವಲ್ಲ!"

"ಏನೂ ಇಲ್ದೆ ಕಾರಿನ ಹಿಂಭಾಗ ಯಾಕ್ ಮೇಲಕ್ಕೇಳ್ತಿದೆ? ಇಳೀರಿ."

ಇಳಿದೆ. ಕಾರೂ ಇಳಿಯಿತು.

"ಹತ್ತಿ."

ಹತ್ತಿದೆ. ಕಾರು ಎದ್ದಿತು.

"ಇನ್ನೊಂದ್ಸಲ ಇಳೀರಿ."

ಹಾದುಹೋಗುತ್ತಿದ್ದ ಬಸ್ಸೊಂದು ವೇಗ ತಗ್ಗಿಸಿತು. ಒಣನೆಲದ ಮೇಲಿನ ದೋಣಿಗೆ, ತೇಲುವ ಜಾಕೀಟು ತೊಟ್ಟು, ಕಲ್ಲನ್ನಪ್ಪಿಕೊಂಡು ಹತ್ತಿಳಿಯುವ ಗೃಹಸ್ಥನನ್ನು ಕಿಟಕಿಗೊಂದರಂತೆ ಮುಖಗಳು ಬೆರಗಿನಿಂದ ನೋಡಿದವು.

ಅವಳು ಇಳಿದು ಬಂದು ದೋಣಿಯ ಟಾರ್ಪಾಲನ್ನು ಎತ್ತಿದಳು. ಅದರಡಿಯಲ್ಲಿ, ತೀರ ಹಿಂದುಗಡೆ, ನನ್ನ ಗುಪ್ತ ಕರ್ತವ್ಯವೆಲ್ಲ ಬಯಲಾಯಿತು: ಹೆಚ್ಚುವರಿ ಚಕ್ರಗಳು, ಲಂಗರು, ಬೆಂಕಿ ನಂದಿಸುವ ಸಿಲಿಂಡರು, ಅದು ಕೈಕೊಟ್ಟರೆ ಇರಲೆಂದು ಮರಳಿನ ಚೀಲಗಳು, ಮರಳೂ ಸಾಲದಿದ್ದರೆಂದು ನೀರಿನ ಕ್ಯಾನುಗಳು.

"ಇಷ್ಟೆಲ್ಲ ಯಾಕ್ರೀ?"

"ಸುರಕ್ಷತೆಗೆ."

"ಬಾಲದಲ್ಲಿ ಇಷ್ಟು ಭಾರ ಹೇರಿದ್ರೆ ಮೂತಿ ಎದ್ದು ಕಾರನ್ನೇ ಎತ್ತುತ್ತೆ, ಅಲ್ಲಾಡ್ದೆ ಇನ್ನೇನ್ ಮಾಡುತ್ತೆ? ನಮ್ಮನ್ನ ಕೊಲ್ಲೋಕೆ ಬೇರೆ ಯಾರೂ ಬೇಡ ಕಣ್ರೀ, ನಿಮ್ಮ ಸುರಕ್ಷತೆ ಸಾಕು!"

ಮರಳು ಮಣ್ಣಿಗೆ ಸೇರಿತು, ನೀರು ಚರಂಡಿಗೆ, ಕಲ್ಲು ಅದರ ಸ್ವಸ್ಥಾನಕ್ಕೆ. ಉಳಿದುದನ್ನು ಟ್ರೇಲರಿನ ಚಕ್ರಗಳಿಗಿಂತ ಮುಂದಕ್ಕೆ ಸರಿಸಿ ಬಿಗಿಯಾಗಿ ಕಟ್ಟಿದೆವು. ದೊಡ್ಡ ಇಳಿಜಾರಿನಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಎದುರಿಗೆ ಕೆರೆ, ದಡದಲ್ಲಿ ಊರುಗೋಲು ಹಿಡಿದ ಮಾವನವರು. ಅವರು ದೋಣಿಯ ಮೈ ಸವರಿ, "ಒಂದು ಗೀರೂ ಬಿದ್ದಿಲ್ಲ! ಅಳಿಯಂದ್ರು ಜೊತೇಲಿದ್ರಲ್ಲ, ನನಗೆ ಅದೇ ಧೈರ್ಯ" ಎಂದರು.

ನಾನು ಹೆಂಡತಿಯ ಮುಖ ನೋಡಿದೆ. "ಹೌದಪ್ಪಾ, ದಾರಿಯುದ್ದಕ್ಕೂ ಭಾರವೆಲ್ಲ ಅವರೇ ಹೊತ್ರು" ಎಂದಳು ಆ ಪುಣ್ಯಾತ್ಗಿತ್ತಿ.

ದೋಣಿ ನೀರಿಗಿಳಿಯಿತು. ಕೃತಜ್ಞತೆಯಿಂದ ಉಬ್ಬಿದ ನಾನು ಅಭ್ಯಾಸಬಲದಿಂದ ನೇರವಾಗಿ ಅದರ ಹಿಂತುದಿಯಲ್ಲಿ ಕಾಲಿಟ್ಟೆ. ಮೂತಿ ಆಕಾಶ ನೋಡಿತು. "ಇಳೀರಿ!" ಎಂದು ಅಪ್ಪ ಮಗಳು ಏಕಕಂಠದಿಂದ ಕೂಗಿದರು.

ಹೀಗಾಗಿ, ತೇಲುವ ಜಾಕೀಟು ತೊಟ್ಟು ಒಣದಡದಲ್ಲಿ ನಿಂತೇ ಹರಸುತ್ತಿದ್ದೇನೆ: ಆ ಹಿರಿಯರ ಮಂಡಿ ಗಟ್ಟಿಯಾಗಿರಲಿ, ಅವರ ದೋಣಿ ಚಿರಕಾಲ ತೇಲಲಿ, ಸ್ಟೀರಿಂಗು ಹಿಡಿದ ಆ ಕೈಗಳಿಗೆ ದೇವರು ಸದಾ ಬಲವನ್ನೀಯಲಿ, ಅವಳ ಮನೆ ತುಂಬಿ ಬಾಳಲಿ, ಆ ಮನೆಯಲ್ಲಿ, ಚಕ್ರಗಳಿಗಿಂತ ತುಸು ಮುಂದಕ್ಕೆ, ನನಗೂ ಒಂದು ಸ್ಥಾನ ಸ್ಥಿರವಾಗಿರಲಿ.