ನೆಟ್ಟನೆ ಗೂಟ, ವಾರೆ ಹಲ್ಲು

“ಇದು ನನ್ನ ಮಗನ ಹಲ್ಲಲ್ಲ!” ಎಂದು ಸಿದ್ದವ್ವ ಕೂಗಿದ್ದೇ ತಡ, ಫಯಾಜನ ದಿನ ಕೆಟ್ಟಿತು.

ಫಯಾಜ ಸವಣೂರಿನಲ್ಲಿ ಕೃತಕ ಹಲ್ಲು ಮಾಡುವವನು. ಎರಡು ತಿಂಗಳಿಂದ ಕೈಯಲ್ಲಿ ಕೆಲಸವಿರಲಿಲ್ಲ. ಅಂಥವನನ್ನು ಶಿಗ್ಗಾವಿಯ ದಂತವೈದ್ಯೆ ಯಶೋಧರಾ ಮೊದಲ ಸಲ ಕರೆಸಿದ್ದರು. “ನೋಡ್ರಿ ಫಯಾಜ, ಹೊರಗ ಇನ್ನೂ ಮೂರು ಮಂದಿ ಕುಂತಾರ. ಗೋಣೆಪ್ಪಂದು ಛಲೋ ಆತಂದ್ರ ಆ ಮೂರೂ ಕೆಲಸ ನಿಮಗ” ಎಂದಿದ್ದರು.

ಬಂಕಾಪುರದ ಗೋಣೆಪ್ಪ ಸೋಡಾ ಬಾಟಲಿಯ ಮುಚ್ಚಳವನ್ನು ಬಾಯಿಂದ ಕೀಳಲು ಹೋಗಿ ಮುಂದಿನ ಹಲ್ಲನ್ನೇ ಕಿತ್ತುಕೊಂಡ ಪುಣ್ಯಾತ್ಮ. ಡಾಕ್ಟರು ದವಡೆಯೊಳಗೆ ಕೂಡಿಸಿದ್ದ ಸ್ಕ್ರೂ ಸ್ವಲ್ಪ ಮುಂದಕ್ಕೆ ವಾಲಿತ್ತು. ಸ್ಕ್ರೂಗೂ ಹಲ್ಲಿಗೂ ನಡುವೆ ನಿಲ್ಲುವ ಅಬಟ್‌ಮೆಂಟಿಗೆ ಫಯಾಜ ಗೂಟ ಎನ್ನುತ್ತಿದ್ದ. ನೆಟ್ಟನೆಯ ಗೂಟ ಹಾಕಿದರೆ ಹಲ್ಲೂ ವಾಲುತ್ತದೆಂದು ಬಾಗಿದ ಗೂಟವನ್ನೇ ಆರಿಸಿ, ಉಜ್ಜಿ, ಮೇಲೆ ಅಳತೆ ನೋಡುವ ಪ್ಲಾಸ್ಟಿಕ್ ಹಲ್ಲು ಕೂಡಿಸಿದ್ದ. ಹಲ್ಲು ಸಾಲಿನಲ್ಲಿ ನೆಟ್ಟಗೆ ನಿಂತಿತ್ತು.

“ಅವನ ಹಲ್ಲು ವಾರೆ ಇತ್ತೋ ಯಪ್ಪಾ! ಅವರಪ್ಪಂದೂ ಹಂಗ ಇತ್ತು” ಎಂದಳು ಗೋಣೆಪ್ಪನ ತಾಯಿ ಸಿದ್ದವ್ವ.

“ನೆಟ್ಟಗಿದ್ರ ಏನಾತ್ರಿ ಅತ್ತಿ? ಛಂದ ಕಾಣಾಕತ್ತಾರ” ಎಂದಳು ಸೊಸೆ ನಾಗರತ್ನಾ.

“ನಿನಗ ಛಂದ ಬೇಕು, ನನಗ ಮಗಾ ಬೇಕು!”

ಫಯಾಜ ತೆಪ್ಪಗೆ ಹಿಂದಿನ ಕೋಣೆಗೆ ಹೋಗಿ ಹಲ್ಲನ್ನು ತುಸು ವಾಲಿಸಿ ತಂದ. ಆ ವಾರೆ ಸಿದ್ದವ್ವನಿಗೆ ಕಡಿಮೆಯಾಯಿತು, ನಾಗರತ್ನಾಗೆ ಹೆಚ್ಚಾಯಿತು. ಊಟದ ಹೊತ್ತು ಮೀರಿತು. ಉಜ್ಜಿ ಉಜ್ಜಿ ಅವನ ಬೆರಳು ಜೋಮು ಹಿಡಿದಿದ್ದವು, ಜೀವವೇ ಸಾಕುಸಾಕಾಗಿತ್ತು.

“ಅವ್ವ ಹೇಳಿದಂಗ ಮಾಡಿಬಿಡ್ರಿ ಅಣ್ಣಾರ” ಎಂದು ಗೋಣೆಪ್ಪ ಕೈಮುಗಿದ. “ನೀವು ಸವಣೂರಿಗೆ ಹೋಗ್ತೀರಿ. ನಾ ಇವರಿಬ್ಬರ ಜೋಡಿ ಮನಿಗೆ ಹೋಗಬೇಕ್ರಿ.”

ಫಯಾಜ ಬಾಗಿದ ಗೂಟ ತೆಗೆದಿಟ್ಟು ನೆಟ್ಟನೆಯದನ್ನು ಹಾಕಿದ. ಹಲ್ಲು ಪಕ್ಕಾ ವಾರೆಯಾಗಿ ಕೂತಿತು. ಸಿದ್ದವ್ವ ಮಗನ ಗಲ್ಲ ಹಿಡಿದು ಅತ್ತೇಬಿಟ್ಟಳು. “ಈಗ ಬಂದ ನೋಡು ನನ್ನ ಮಗಾ!” ನಾಗರತ್ನಾ ಮುಖ ತಿರುಗಿಸಿದಳು.

“ಮುಗೀತಲ್ಲ? ಭೇಷ್! ಹೊರಗಿನವರನ್ನ ಕರೀರಿ” ಎಂದರು ಡಾಕ್ಟರು.

ಅಂತೂ ಗೆದ್ದೆನಪ್ಪಾ ಎಂದು ಫಯಾಜ ಬಾಗಿಲು ತೆರೆದ. ಗೋಣೆಪ್ಪ ಅವನಿಗಿಂತ ಮೊದಲೇ ಹೊರಬಿದ್ದು, ಆ ಮೂವರ ಮುಂದೆ ನಿಂತು ಬೆರಳಿನಿಂದ ತುಟಿ ಎತ್ತಿ ತೋರಿಸುತ್ತಿದ್ದ.

“ನೋಡ್ರಿ, ಕಣ್ಣು ತುಂಬ ನೋಡ್ರಿ! ಸವಣೂರ ಫಯಾಜಣ್ಣಾರ ಕೈಕೆಲಸ. ಮುಂಜಾನಿಂದ ಮೂರು ಸಲ ಬಿಚ್ಚಿ ಕೂಡಿಸಿ, ಕಡೀಕ ಹಿಂಗ ನಿಲ್ಲಿಸ್ಯಾರ!”

ಮೂವರೂ ಹಲ್ಲನ್ನು ನೋಡಿದರು. ಆಮೇಲೆ ಫಯಾಜನನ್ನು ನೋಡಿದರು. ಇಬ್ಬರು ಚಪ್ಪಲಿ ಹುಡುಕತೊಡಗಿದರು. ಮೂರನೆಯ ಮುದುಕ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ಮೆಲ್ಲಗೆ ಕೇಳಿದ:

“ಅಣ್ಣಾರ, ಹುಬ್ಬಳ್ಳಿ ಬಸ್ಸು ಎಲ್ಲಿ ನಿಲ್ತೈತ್ರಿ?”