ಅವ್ವ ಆರಿಸುವ ಗೀಜರ್

ಕಳೆದ ಚಳಿಗಾಲದ ಒಂದು ಸೋಮವಾರ ದಾಂಡೇಲಿಯ ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಿಗೂ ಸ್ಮಾರ್ಟ್ ಗೀಜರ್ ಬಂತು. ಪತ್ರಿಕೆಯ ಕೆಲಸದಲ್ಲೇ ತಲೆ ಬೆಳ್ಳಗಾದ ನಾನು ಊರವರ ತೊಂದರೆಗಳನ್ನೆಲ್ಲ ಎರಡೂ ಕಡೆಯವರ ಹೇಳಿಕೆ ಪಡೆದು ಬರೆದಿದ್ದೇನೆ. ನನ್ನದೇ ಬಚ್ಚಲಿನ ಸುದ್ದಿ ಬರೆಯಬೇಕಾಗುತ್ತದೆಂದು ಎಣಿಸಿರಲಿಲ್ಲ.

ಕಂಪನಿಯವರು ಹೇಳಿದ್ದಿಷ್ಟು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಗೀಜರ್ ಹಚ್ಚಿದರೆ ವಿದ್ಯುತ್ ಜಾಲದ ಮೇಲೆ ಭಾರ ಬೀಳುತ್ತದೆ. ಈ ಗೀಜರ್ ಮಧ್ಯಾಹ್ನ, ಸೋಲಾರ್ ಕರೆಂಟ್ ಧಾರಾಳವಾಗಿರುವಾಗ, ತಾನೇ ನೀರು ಕಾಯಿಸಿ ಮರುದಿನದವರೆಗೆ ಬಿಸಿಯಾಗಿ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಎಷ್ಟು ಒತ್ತಿದರೂ ಕಾಯಿಸುವುದಿಲ್ಲ. ಗೋಡೆಯ ಸ್ವಿಚ್ ಮಾತ್ರ ಯಾವತ್ತೂ ಆರಿಸಬಾರದು. ಕೆಳಗಿನ ಮನೆಯ ಇಮಾಮಸಾಬರು ಮಿಲ್ಲಿನಿಂದ ನಿವೃತ್ತರಾದವರು. "ಸೂಪಾ ಡ್ಯಾಮಿನಾಗ ನೀರಿಂದ ಕರೆಂಟ್ ತಗೀತಾರ, ಈಗ ಕರೆಂಟಿನ ಅಪ್ಪಣಿ ಕೇಳಿ ನೀರು ಕಾಸೂದೇನ್ರಿ?" ಎಂದರು. ನಕ್ಕು ಕಂಪನಿಯ ಕಾಗದಕ್ಕೆ ಸಹಿ ಹಾಕಿದೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾನೇ.

ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮೈಮೇಲೆ ನೀರು ಬಿದ್ದು, ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ತಡವಾದರೆ ತಲೆ ತಿರುಗುತ್ತದೆ. ತನ್ನ ಹಳ್ಳಿ ತೇರಗಾಂವದಲ್ಲಿ ಆರದ ಒಂದು ಕೆಂಡದಿಂದ ಇಡೀ ಹುಲ್ಲಿನ ಬಣವಿ ಸುಟ್ಟದ್ದನ್ನು ಕಣ್ಣಾರೆ ಕಂಡವಳು. ಒಲೆ ಆರಿಸದೆ ಎಂದೂ ಹೊಸ್ತಿಲು ದಾಟಿದವಳಲ್ಲ. ಹಾಗಾಗಿ ಸ್ನಾನ ಮುಗಿದೊಡನೆ ಗೀಜರಿನ ಸ್ವಿಚ್ ಆರಿಸಿದಳು. ಮಧ್ಯಾಹ್ನ ಅದಕ್ಕೆ ಕರೆಂಟೇ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹಚ್ಚಿದಾಗ ಅದು ಸುಮ್ಮನಿರುವ ಹೊತ್ತು. ನಲ್ಲಿಯಲ್ಲಿ ಬಂದದ್ದು ಮಂಜಿನಂಥ ನೀರು.

"ಅವ್ವಾ, ಅದನ್ನ ಆರಿಸಬ್ಯಾಡ."

"ಕೆಂಪು ದೀಪ ಉರೀತೈತಲ್ಲೋ. ಯಾರೂ ಇಲ್ಲದ ಬಚ್ಚಲದಾಗ ಬೆಂಕಿ ಬಿಟ್ಟು ಹೆಂಗ ಹೋಗ್ಲಿ?"

ನನ್ನ ಹೆಂಡತಿ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದಳು. ಅವ್ವ ಅದನ್ನು ಬಿಡಿಸಿ, ಹಾಳಾಗದಂತೆ ಪಕ್ಕದ ಗೋಡೆಗೆ ಹಚ್ಚಿ, ಸ್ವಿಚ್ ಆರಿಸಿದಳು. "ಅತ್ತಿ, ನಿಮ್ಮ ಸಲುವಾಗೇ ಹೇಳೂದ್ರೀ" ಎಂದರೆ, "ನನ್ನ ಸಲುವಾಗಿ ಮನಿ ಸುಡೂದು ಬ್ಯಾಡವ್ವಾ" ಎಂಬ ಉತ್ತರ. ಹೀಗೆ ತಣ್ಣೀರು ಬಿಸಿಯಾದೀತೆಂದು ಹಸಿದ ಹೊಟ್ಟೆಯಲ್ಲಿ ಕಾಯುತ್ತ ಕುಳಿತವಳು ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲೇ ಕುಸಿದಳು. ಡಾಕ್ಟರು ಉಪವಾಸ ಬಿಡಿಸಿರಿ ಎಂದರು. ಅವ್ವನನ್ನು ಅವರು ಬಲ್ಲವರಲ್ಲ.

ಎಲೆಕ್ಟ್ರಿಶಿಯನ್ನನನ್ನು ಕರೆಸಿ ಸ್ವಿಚ್ಚನ್ನೇ ತೆಗೆಸಿ ತಂತಿ ನೇರ ಜೋಡಿಸಿದೆ. ಮರುದಿನ ಬೆಳಿಗ್ಗೆ ಬಿಸಿನೀರು ಹೊಗೆಯಾಡುತ್ತ ಬಂತು. ಅವ್ವ ಮಿಂದು, ಪೂಜೆ ಮುಗಿಸಿ, ಹೊತ್ತಿಗೆ ಸರಿಯಾಗಿ ರೊಟ್ಟಿ ತಿಂದಳು. ಆಮೇಲೆ ಸ್ವಿಚ್ ಇದ್ದ ಜಾಗವನ್ನು ಬಹಳ ಹೊತ್ತು ನೋಡಿದಳು. "ಇದಕ್ಕ ಎಲ್ಲಿಂದ ಬರ್ತೈತೋ ಕರೆಂಟ್?" ಎಂದು ಕೇಳಿದಳು. ವರದಿಗಾರನ ಚಟ, ಕೇಳಿದ್ದಕ್ಕೆ ನಿಖರ ಉತ್ತರ ಕೊಟ್ಟೆ. ಆ ಮಧ್ಯಾಹ್ನ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಇಮಾಮಸಾಬರ ಮನೆಗೆ ಮಾತಿಗೆ ಹೊರಟ ಅವ್ವ ಮೇನ್ ಸ್ವಿಚ್ಚನ್ನೇ ಆರಿಸಿ ಬಾಗಿಲು ಎಳೆದುಕೊಂಡಳು. ಸಂಜೆ ಫ್ರಿಜ್ಜಿನಲ್ಲಿದ್ದ ಹಾಲು ಒಡೆದಿತ್ತು. ಅಂದಿನಿಂದ ಪ್ರತಿ ಮಧ್ಯಾಹ್ನ ಅದೇ ರೂಢಿ.

ಈ ವಾರ ಕಂಪನಿಯಿಂದ ಅಭಿನಂದನೆಯ ಸಂದೇಶ ಬಂದಿದೆ: ಇಡೀ ಕಟ್ಟಡದಲ್ಲಿ ವಿದ್ಯುತ್ ಜಾಲಕ್ಕೆ ಅತಿ ಕಡಿಮೆ ಭಾರ ಹಾಕಿದ ಮನೆ ನಮ್ಮದು. ಅದನ್ನು ಕೆಳಗಿನ ಫಲಕಕ್ಕೆ ಅಂಟಿಸುವುದು ಕಾರ್ಯದರ್ಶಿಯ ಕೆಲಸವಾದ್ದರಿಂದ ನಾನೇ ಅಂಟಿಸಿದೆ. ಇಂದು ಬೆಳಿಗ್ಗೆ ಅವ್ವನ ನೀರನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ ಬಚ್ಚಲಿಗೆ ಹೊತ್ತು ಹಾಕಿದೆ. ನಾನು ತಣ್ಣೀರಿನಲ್ಲಿ ಮಿಂದೆ.