ಹಳ್ಳದ ದಂಡೆಯ ಗಾಡಿ

ನಮ್ಮ ಮನೆಯಲ್ಲಿ ಎಲ್ಲವೂ ಇದ್ದಂತೆಯೇ ಇದ್ದ ಕೊನೆಯ ದಿನ, ಬೆಳವಣಕಿಯಿಂದ ಒಬ್ಬ ಮುದುಕಿ ತಸಬೀರು ತೆಗೆಸಿಕೊಳ್ಳಲು ಬಂದಿದ್ದಳು. ಅದು ಕೊನೆಯ ದಿನವೆಂದು ಯಾರೂ ಹೇಳದಿದ್ದರಿಂದ ನಾನು ಅಂದೂ ಎಂದಿನಂತೆ ಸಿಡಿಮಿಡಿಗೊಳ್ಳುತ್ತಲೇ ಇದ್ದೆ. ಮುದುಕಿಯನ್ನು ಪಡಸಾಲೆಯ ಬೆಳಕಿನಲ್ಲಿ ಕೂರಿಸಿ, ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಯನ್ನು ಆನಿಸಿದಾಗ ಅವಳು, "ಉಸರಾಡಬಹುದೇನಪಾ?" ಎಂದು ಕೇಳಿದಳು.

"ಉಸರಾಡ್ರಿ ಯವ್ವಾ. ಮಾರಿ ಅಷ್ಟ ಅಲುಗಾಡಸಬ್ಯಾಡ್ರಿ."

"ಹಲ್ಲಿಲ್ಲದ ಬಾಯಪಾ ಇದು. ನಾ ಸುಮ್ನಿದ್ರೂ ಅದು ಸುಮ್ನಿರೂದಿಲ್ಲ."

ಕಾಳಿನ ವ್ಯಾಪಾರಿಯಾದ ಅವಳ ಮಗ, "ಯವ್ವಾ, ಸುಮ್ಮ ಕುಂದ್ರು, ಮಂದಿ ನಗ್ತಾರ" ಎಂದು ಗದರಿದ. ಒಳಗೆ ಬೀಸುಕಲ್ಲಿನ ಮುಂದೆ ಕುಳಿತಿದ್ದ ನನ್ನ ಹೆಂಡತಿ ನೀಲವ್ವ ನಕ್ಕಿದ್ದು ನನಗೂ ಕೇಳಿಸಿತು. ನಾನು ತಸಬೀರಿನ ಪೆಟ್ಟಿಗೆಯ ಗಾಜುಕಣ್ಣಾದ ಭಿಂಗದ ಮುಚ್ಚಳ ತೆಗೆದು, "ಹೂಂ" ಎಂದೆ. ಕಲ್ಲು ತಿರುಗಿತು. ನೀಲವ್ವ ಹಾಡತೊಡಗಿದಳು.

ಇಲ್ಲಿ ಸ್ವಲ್ಪ ವಿವರಿಸಬೇಕು. ಧಾರವಾಡದಲ್ಲಿ ಕಂಪನಿಯ ಸಾಹೇಬನೊಬ್ಬನ ಕೈಕೆಳಗೆ ನಾನು ಈ ವಿದ್ಯೆ ಕಲಿತೆ. ಅವನು ವಿಲಾಯತಿಗೆ ಹೊರಟಾಗ ತನ್ನ ಹಳೆಯ ಪೆಟ್ಟಿಗೆಯನ್ನೂ ಒಂದು ಗಡಿಯಾರವನ್ನೂ ನನಗೆ ಬಿಟ್ಟುಹೋದ. ಬೆಳ್ಳಿ ಕರಗಿಸಿದ ನೀರಿನಲ್ಲಿ ಗಾಜನ್ನು ಅದ್ದಿ, ಅದು ಒಣಗುವುದರೊಳಗೆ ಪೆಟ್ಟಿಗೆಗೆ ಹಾಕಿ, ಎದುರಿಗೆ ಕುಳಿತವರನ್ನು ಬೊಂಬೆಯಂತೆ ಕೂರಿಸಿ, ಮುಚ್ಚಳ ತೆಗೆದು ಮುಚ್ಚಿ, ಕೂಡಲೇ ಕತ್ತಲೆಕೋಣೆಗೆ ಓಡಿ ಗಾಜನ್ನು ತೊಳೆಯಬೇಕು. ಮುಚ್ಚಳ ಎಷ್ಟು ಹೊತ್ತು ತೆರೆದಿರಬೇಕೆಂಬುದರಲ್ಲಿ ವಿದ್ಯೆಯೆಲ್ಲ ಇದೆ. ಸಾಹೇಬ ಗಡಿಯಾರ ನೋಡುತ್ತಿದ್ದ. ನಾನೂ ಮೊದಮೊದಲು ಅದನ್ನೇ ನೋಡಿದೆ. ಆದರೆ ಕುಳಿತವರೂ ಅದನ್ನೇ ನೋಡುತ್ತಿದ್ದರು. ಹಾಗೆ ಹೊಳೆಯುವ ವಸ್ತು ನಮ್ಮೂರು ರೋಣದಲ್ಲಿ ಬೇರೆ ಇರಲಿಲ್ಲ. ತಸಬೀರಿನಲ್ಲಿ ಎಲ್ಲರ ಕಣ್ಣೂ ನನ್ನ ಅಂಗೈ ಮೇಲೆ.

ಒಂದು ದಿನ ಗಡಿಯಾರ ನಿಂತುಹೋಯಿತು. ಅದೇ ಹೊತ್ತಿಗೆ ನೀಲವ್ವ ಒಳಗೆ ಬೀಸುತ್ತಿದ್ದಳು. ತಮ್ಮನೊಬ್ಬ ಅಕ್ಕನನ್ನು ತವರಿಗೆ ಕರೆತರಲು ಗಾಡಿ ಹೂಡುವ ಹಾಡು. ಎತ್ತು ಹೂಡುವಲ್ಲಿಂದ ಗಾಡಿ ಹಳ್ಳಕ್ಕೆ ಬರುವ ತನಕ ಮುಚ್ಚಳ ತೆರೆದಿಟ್ಟೆ. ಅದಕ್ಕಿಂತ ಒಳ್ಳೆಯ ತಸಬೀರು ಅಲ್ಲಿಯವರೆಗೆ ನನ್ನ ಕೈಯಿಂದ ಬಂದಿರಲಿಲ್ಲ. ಹಾಡು ಕೇಳುತ್ತ ಕುಳಿತವರು ಅಲುಗಾಡುವುದನ್ನೇ ಮರೆತಿದ್ದರು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಗಡಿಯಾರ ರಿಪೇರಿಯಾಗಿ ಬಂದರೂ ಗೂಟಕ್ಕೆ ತೂಗಿಬಿಟ್ಟೆ.

ಪದ್ಧತಿಗೆ ತೊಂದರೆ ಇರಲಿಲ್ಲವೆಂದಲ್ಲ. ಅಬ್ಬಿಗೇರಿಯ ಗೌಡರೊಬ್ಬರು ಬಂದಾಗ ಚಾ ಇಲ್ಲದ ಆ ಕಾಲದಲ್ಲಿ ನೀಲವ್ವ ಬೆಲ್ಲ, ನೀರು ಕೊಟ್ಟರೆ ಅವರು ಮುಟ್ಟಲೇ ಇಲ್ಲ. ಆಕೆ ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು. ಆದರೆ ಅಂದು ಹಾಡಿನ ಗಾಡಿ ಹೊರಡಲೇ ಇಲ್ಲ. ಹಾಡಿನಲ್ಲೇ ಎತ್ತಿಗೆ ಗೆಜ್ಜೆ ಕಟ್ಟಿದಳು. ಕೋಡಿನ ತುದಿಗೆ ಹಿತ್ತಾಳೆಯ ಅಣಸು ಹಾಕಿದಳು. ಬೆನ್ನಿಗೆ ಝೂಲ ಹೊದಿಸಿದಳು, ಅದರ ಅಂಚಿನ ಕನ್ನಡಿಗಳನ್ನೂ ವರ್ಣಿಸಿದಳು. ಗೌಡರ ಮೂಗಿನ ಮೇಲೆ ನೊಣ ಕುಳಿತು ಎದ್ದು ಮತ್ತೆ ಕುಳಿತಿತು. ನಾನು ಮುಚ್ಚಳ ಹಿಡಿದು ಬೆವರುತ್ತಿದ್ದೆ. ಹಾಡಿಗೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದರೆ, ಗಾಡಿ ಹಳ್ಳಕ್ಕೆ ಬಾರದೆ ಮುಚ್ಚಲು ನನ್ನ ಕೈಯೇ ಏಳಲಿಲ್ಲ. ಕೊನೆಗೆ ಕಾಗದಕ್ಕೆ ಇಳಿಸಿ ನೋಡಿದರೆ, ಬೆಳಕು ಹೆಚ್ಚಾಗಿ ಎಣ್ಣೆಗಪ್ಪಿನ ಗೌಡರು ಹಾಲಿನಲ್ಲಿ ತೊಳೆದಂತೆ ಬೆಳ್ಳಗಾಗಿದ್ದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಬಹಳ ಹೊತ್ತು ನೋಡಿ, "ಖರೇ ಅಂದ್ರ ಸಣ್ಣಾಂವ ಇದ್ದಾಗ ನಾ ಹಿಂಗ ಇದ್ದೆ" ಎಂದರು. ಆಮೇಲೆ ಸುತ್ತಲಿನ ಊರಿನವರೆಲ್ಲ ಬಂದು ಕೂರುವ ಮೊದಲೇ, "ಎತ್ತು ಚಂದಾಗಿ ಸಿಂಗಾರ ಮಾಡಸ್ರಿ ಮತ್ತ" ಎಂದು ಹೇಳುವಂತಾಯಿತು.

ಗಜೇಂದ್ರಗಡದ ಸೀರೆ ವ್ಯಾಪಾರಿಯ ಕೆಲಸ ಮಾತ್ರ ಯಾವ ಹಾಡಿಗೂ ಬಗ್ಗಲಿಲ್ಲ. ಅವರು ಅಂಗಡಿಯ ಸೀರೆಗಳ ತಸಬೀರು ತೆಗೆಸಿ ಪರವೂರಿನ ಗಿರಾಕಿಗಳಿಗೆ ಕಳಿಸುವ ಯೋಚನೆ ಮಾಡಿದ್ದರು. ಈ ಪೆಟ್ಟಿಗೆ ಕೆಂಪನ್ನು ಕಪ್ಪು ಮಾಡುತ್ತದೆ, ನೀಲಿಯನ್ನು ಬಿಳಿ ಮಾಡುತ್ತದೆ. ನೋಡಿದವರೇ ಅವರು, "ಏನ್ರಿ, ಲಗ್ನದ ಸೀರಿ ಇಟ್ಟಿದ್ದೆ, ಮಣ್ಣಿಗೆ ಹೊಂಟವ್ರ ಹಂಗ ಕಾಣಸ್ತಾವಲ್ರಿ" ಎಂದರು. ನೀಲವ್ವ ಎರಡು ದಿನ ಬೀಸುವಾಗಲೆಲ್ಲ ನೆನೆದು ನಕ್ಕಳು.

ಹಾಡು ಮಾತ್ರ ನನಗೆ ಹಳ್ಳದವರೆಗೇ ಗೊತ್ತಿತ್ತು. ಅಲ್ಲಿಗೆ ನಾನು "ಸಾಕು" ಎನ್ನುತ್ತಿದ್ದೆ, ಆಕೆ ನಿಲ್ಲಿಸುತ್ತಿದ್ದಳು. ಮುಂದಿನವರು ಬಂದರೆ ಮತ್ತೆ ಮೊದಲಿನಿಂದ. "ಹೊಸಬರ ಮುಂದ ನಡುವಿಂದ ಹೇಳಿದ್ರ ಅವರಿಗೇನ್ ತಿಳೀಬೇಕು?" ಎನ್ನುವಳು. ಬೆಳಗಿನ ಜಾವ ಬೀಸುವಾಗ ಪೂರ್ತಿ ಹಾಡುತ್ತಿದ್ದಳೇನೋ. ಆಗ ನಾನು ಕೆರೆಗೆ ಹೋಗಿರುತ್ತಿದ್ದೆ. ನಮ್ಮ ಬಾವಿಯ ಸವಳು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಮಂಜು ಕವಿದಂತಾಗುತ್ತಿತ್ತು, ಆದ್ದರಿಂದ ಸಿಹಿನೀರು ಹೊತ್ತು ತರುವುದು ನನ್ನ ಪಾಲಿನ ಕೆಲಸ. ಒಮ್ಮೆ ಊಟಕ್ಕೆ ಕುಳಿತಾಗ, "ಗಾಡಿ ಮುಂದೇನಾಗತೈತಿ?" ಎಂದು ಕೇಳಿದೆ. "ಬೀಸೂಕಲ್ಲಿನ ಗೂಟ ಹಿಡೀಲಾರದ ನನಗ ಹಾಡು ಬರೂದಿಲ್ರಿ. ಒಂದಿನ ಕಲ್ಲಿನ ಮುಂದ ಬಂದು ಕುಂದರ್ರಿ, ಕೇಳೀರಂತ" ಎಂದು ರೊಟ್ಟಿ ಬಡಿಸಿದಳು. ಕೂರೋಣವೆಂದುಕೊಂಡೆ.

ಆ ಕೊನೆಯ ದಿನ ಬೆಳವಣಕಿಯ ಮುದುಕಿಯ ಸರದಿಯಲ್ಲೂ ಗಾಡಿ ಹಳ್ಳಕ್ಕೆ ಬಂತು, ನಾನು ಮುಚ್ಚಳ ಹಾಕಿ "ಸಾಕು" ಎಂದೆ. ಮುದುಕಿ ಏಳಲಿಲ್ಲ. "ಸಾಕಂದ್ರ ಹ್ಯಾಂಗಪಾ? ಹಳ್ಳ ತುಂಬಿ ಬಂದೈತಿ, ಹುಡುಗ ದಂಡಿ ಮ್ಯಾಲ ನಿಂತಾನ. ಆಕಿ ತವರಿಗೆ ಹೊಕ್ಕಾಳೋ ಇಲ್ಲೋ?" ಎಂದಳು. ನೀಲವ್ವ ಒಳಗಿನಿಂದ, "ಬರ್ರಿ ಯವ್ವಾ, ನಿಮಗ ಹೇಳ್ತೀನಿ" ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಗಾಜು ಹಿಡಿದು ಕತ್ತಲೆಕೋಣೆಗೆ ಓಡಿದೆ. ಬಾಗಿಲಿಗೆ ಕರಿಯ ಕಂಬಳಿ ಬಿಗಿದಿದ್ದರಿಂದ ಕಲ್ಲಿನ ಗುಡುಗುಡು ಬಿಟ್ಟರೆ ಒಂದು ಮಾತೂ ತಿಳಿಯಲಿಲ್ಲ. "ನೀರು, ನೀರು" ಎಂದು ಕೂಗಿದೆ. ನೀಲವ್ವ ಕಂಬಳಿಯ ಅಡಿಯಿಂದ ಬಿಂದಿಗೆ ಸರಿಸಿದಳು. ಕಾಲುಂಗುರದ ಬೆರಳು ಒಂದು ಗಳಿಗೆ ಕಂಡು ಹೋಯಿತು. ಹೊರಗೆ ಬರುವಷ್ಟರಲ್ಲಿ ಮಗ ಮುದುಕಿಯನ್ನು ಗಾಡಿಗೆ ಹತ್ತಿಸುತ್ತಿದ್ದ.

ಮರುದಿನ ನೀಲವ್ವನಿಗೆ ಜ್ವರ ಬಂತು. ವೈದ್ಯರು ಬಂದರು, ಹೋದರು. ಜ್ವರ ಬಿಡಲಿಲ್ಲ. ಆ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಬೀಸುವವರು ಇರಲಿಲ್ಲ.

ಕೆಲಸ ಬಿಟ್ಟರೆ ದಿನ ಹೋಗುವುದಿಲ್ಲವೆಂದು ಗೂಟದಿಂದ ಗಡಿಯಾರ ಇಳಿಸಿದೆ. ನರಗುಂದದ ಕುಲಕರ್ಣಿಯವರು ಅದರ ಟಿಕ್‌ಟಿಕ್‌ಗೆ ತಲೆಯಾಡಿಸಿ, "ನನಗ ಮೂಗು ಎರಡು ಬಂದಾವಲ್ರಿ, ಒಂದು ವಾಪಸ್ ತಗೋರಿ" ಎಂದರು. ಪಕ್ಕದ ಮನೆಯ ಸಾವಂತ್ರೆವ್ವನನ್ನು ಬೀಸಲು ಕರೆದೆ. ಪಾಪ, ಬಂದಳು. ಅವಳ ಹಾಡಿನಲ್ಲಿ ಗಾಡಿಯೇ ಇರಲಿಲ್ಲ. "ಆಕಿ ಹಾಡು ಆಕಿಗೇ ಗೊತ್ತು ಅಣ್ಣಾ, ಕುಂತಲ್ಲೇ ಕಟ್ಟತಿದ್ಲು" ಎಂದಳು. ಕೊನೆಗೆ ನಾನೇ ಹಾಡಿದೆ. ಗಿರಾಕಿ ಎತ್ತು ಹೂಡುವ ತನಕ ತಡೆದ. ಗೆಜ್ಜೆ ಕಟ್ಟುವಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ತಸಬೀರಿನಲ್ಲಿ ಕುರ್ಚಿ ಮಾತ್ರ ಚೆನ್ನಾಗಿ ಬಂತು. ಹೊರಗೆ ಅವನ ನಗು ಕೇಳಿದ ಸಾವಂತ್ರೆವ್ವ, ಮನೆಯಲ್ಲಿ ಮತ್ತೆ ನಗು ಬಂತೆಂದು ಸಮಾಧಾನಪಟ್ಟಳಂತೆ.

ಆ ರಾಗ ನನಗಿನ್ನೂ ನೆನಪಿತ್ತು. ಆದರೆ ಹಳ್ಳದ ದಂಡೆಗೆ ಬಂದು ನಿಂತರೆ ಮುಂದಕ್ಕೆ ಹೋಗಲು ದಾರಿಯಿರಲಿಲ್ಲ. ಕೆರೆಗೆ ಹೋಗುವಾಗ, ಗಾಜು ಒರೆಸುವಾಗ, ಮಲಗಿದಾಗ ಅಲ್ಲಿಯೇ ನಿಲ್ಲುತ್ತಿದ್ದೆ. ಲೋಕದಲ್ಲಿ ಒಬ್ಬಳು ಮುಂದಿನ ಹಾಡನ್ನು ಕೇಳಿದ್ದಾಳಲ್ಲ ಎಂಬುದು ತಡವಾಗಿ ಹೊಳೆಯಿತು. ಮುದುಕಿಯ ತಸಬೀರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಳವಣಕಿಗೆ ಹೊರಟೆ.

ತಸಬೀರು ಚೆನ್ನಾಗಿತ್ತು. ಬಾಯಿ ಕೂಡ ಅಲುಗಿರಲಿಲ್ಲ. ಮುದುಕಿ ಅದನ್ನು ಬೆಳಕಿಗೆ ಹಿಡಿದು, "ನಾ ಇಷ್ಟು ಸುಮ್ನ ಕುಂತಿದ್ನೇನು?" ಎಂದಳು. ನೀಲವ್ವನ ಸುದ್ದಿ ಅವಳಿಗೆ ತಲುಪಿತ್ತು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು.

"ತಮ್ಮಾ, ನಿನಗರ ಗೊತ್ತೈತೇನು? ಆ ಗಾಡಿ ಹಳ್ಳ ದಾಟಿತೇನು?"

"ನಿಮಗ ಹೇಳಿದ್ಲಲ್ರಿ ಯವ್ವಾ?"

"ಎಲ್ಲಿ ಹೇಳಿದ್ಲಪಾ? ಎತ್ತು ಇನ್ನ ನೀರಿಗೆ ಕಾಲಿಟ್ಟಿದ್ದಿಲ್ಲ, ನೀ ಒಳಗಿಂದ ನೀರು ನೀರು ಅಂತ ಒದರಿದಿ. 'ಬಂದೆ, ಇಲ್ಲೇ ಇರ್ರಿ' ಅಂತ ಎದ್ಲು. ಬಿಂದಿಗಿ ಕೊಟ್ಟು ಬರೂದ್ರಾಗ ನನ್ನ ಮಗ ಹೊತ್ತಾತು ಅಂತ ಎಬ್ಬಿಸಿದ."

ಅವಳ ತಸಬೀರು ಅಷ್ಟು ತಿಳಿಯಾಗಿ ಬಂದದ್ದು ಆ ಬಿಂದಿಗೆಯ ನೀರಿನಿಂದಲೇ. ಒಣಗುವ ಮೊದಲು ನೀರು ಸಿಕ್ಕದಿದ್ದರೆ ಗಾಜು ಹಾಳಾಗುತ್ತಿತ್ತು. ಇದನ್ನು ಮುದುಕಿಗೆ ವಿವರಿಸಲು ಹೋಗಲಿಲ್ಲ. ಅವಳು ಕೊಟ್ಟ ರೊಟ್ಟಿ ತಿಂದು ಊರಿಗೆ ಮರಳಿದೆ.

ಈಗ ಮನೆಯಲ್ಲಿ ಪೆಟ್ಟಿಗೆ ಇದೆ, ಗಡಿಯಾರ ಇದೆ, ಕೆರೆಯ ನೀರು ಇದೆ, ಕಲ್ಲೂ ಇದೆ. ಗಾಡಿ ಹಳ್ಳದ ದಂಡೆಯ ಮೇಲಿದೆ. ಮುಂದಿನ ಹಾಡು ನನಗೆ ಗೊತ್ತಿಲ್ಲ.